ಮಾವನ ಮೀಸೆ ಮತ್ತು ನನ್ನ ಎರಡು ಜಡೆ

ಮೊನ್ನೆ ರಾಣೆಬೆನ್ನೂರಿನ ನಮ್ಮ ಓಣಿಯ ಪಾರ್ಲರಿನಲ್ಲಿ ಕೂದಲು ಕತ್ತರಿಸಿಕೊಳ್ಳಲು ಕೂತಿದ್ದೆ. ಹಿಂದಲೆಯಲ್ಲಿ ಓಡುತ್ತಿದ್ದ ಬಾಚಣಿಗೆ ಒಮ್ಮೆಲೇ ನಿಂತಿತು. "ಟೀಚರ್, ಇಲ್ಲಿ ರೂಪಾಯಿಯಷ್ಟು ಜಾಗಾ ನುಣ್ಣಗಾಗೈತ್ರಿ. ಹುಳಾ ತಿಂದೈತಿ," ಎಂದಳು ಪಾರ್ಲರಿನಾಕೆ. ಎಂದವಳೇ ಬಾಚಣಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕಿಟ್ಟು, ಸೋಪು ಹಚ್ಚಿ ಕೈ ತೊಳೆದುಕೊಂಡಳು. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಆ ಹುಳ ನಮ್ಮ ಮನೆತನಕ್ಕೆ ಹಳೆಯ ನೆಂಟ. ಕೂದಲು ಕತ್ತರಿಸಿಕೊಳ್ಳದೆಯೇ ಎದ್ದು ಬಂದೆ. ಅದರ ಕತೆ ಹೇಳಬೇಕೆಂದರೆ ಮೊದಲು ನಿಮಗೆ ನನ್ನ ಸೋದರಮಾವನ ಮೀಸೆಯ ಪರಿಚಯ ಮಾಡಿಸಬೇಕು.

ಮಾವ ಬ್ಯಾಡಗಿಯಲ್ಲಿ ಟೇಲರ್. ಮಕ್ಕಳಿರಲಿಲ್ಲವೆಂದು ಕರ್ಜಗಿಯಿಂದ ನನ್ನನ್ನು ಕರೆತಂದು ಓದಿಸಲು ಇಟ್ಟುಕೊಂಡಿದ್ದ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಐದನೇ ಇಯತ್ತೆ. ಅಂಗಡಿಗೆ ಅಳತೆ ಕೊಡಲು ಬಂದವರು ಮೊದಲು ಮಾವನ ಮೀಸೆ ನೋಡಿ, ಆಮೇಲೆ ತಂದ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಮುಂಜಾನೆ ನನಗೆ ಜಡೆ ಹಾಕುವ ಕೆಲಸವೂ ಆ ಮೀಸೆಯವನದೇ. ನಗಬೇಡಿ, ಅದಕ್ಕೆ ಕಾರಣವಿದೆ. ಮಾವನ ಹೆಂಡತಿ, ನಮ್ಮ ಅತ್ತಿ, ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರೆಲ್ಲ ಹೇಳುತ್ತದೆ. ದಿನವೆಲ್ಲ ತೊಟ್ಟು ಬಿಡಿಸಿದ ಕೈಯಿಂದ ಕಣ್ಣು ಉಜ್ಜಿಕೊಂಡವರನ್ನು ಕೇಳಿ ನೋಡಿ. ಹಂಗಾಮಿನಲ್ಲಿ ಖಾರದ ಕೈಯವರು ಮಕ್ಕಳ ತಲೆ, ಮುಖ ಮುಟ್ಟುವುದಿಲ್ಲ. ಹಾಗಾಗಿ ಮಾವನೇ ಎಣ್ಣೆ ಹಚ್ಚಿ, ನೇರ ಬೈತಲೆ ತೆಗೆದು, ಎರಡು ಜಡೆ ಹಾಕಿ, ಕೊರಳಲ್ಲಿದ್ದ ಟೇಪು ಹಿಡಿದು ಎರಡೂ ಸಮ ಇವೆಯೋ ಎಂದು ಅಳೆಯುತ್ತಿದ್ದ. ಹೆಚ್ಚುಕಡಿಮೆಯಾದರೆ ಶಾಲೆಯ ಗಂಟೆ ಹೊಡೆದರೂ ಸರಿ, ಬಿಚ್ಚಿ ಮತ್ತೆ ಹಾಕಬೇಕು. ಆ ಹೊತ್ತಿನಲ್ಲಿ ನಾವಿಬ್ಬರೂ ಊರ ಸುದ್ದಿಯನ್ನೆಲ್ಲ ಮಾತಾಡಿ ಮುಗಿಸುತ್ತಿದ್ದೆವು.

ಒಂದು ದಿನ ಮೀಸೆಯ ಬಲಗಡೆ ಸಣ್ಣ ಕಿಂಡಿ ಕಾಣಿಸಿತು. ನೋಡನೋಡುತ್ತಲೇ ಕಿಂಡಿ ಬಾಗಿಲಾಯಿತು, ಬಲಮೀಸೆ ಪೂರ್ತಿ ಹೋಗಿ ಎಡಮೀಸೆ ಒಂಟಿಯಾಯಿತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ನಮ್ಮ ಮಾವ ಬೀಳಲೇ ಇಲ್ಲ, ಮೀಸೆಯೇ ಹೋಯಿತು. ಉಳಿದದ್ದನ್ನೂ ಬೋಳಿಸು ಎಂದರೆ ಕೇಳಲಿಲ್ಲ; ಮುಖಕ್ಕೆ ಟವೆಲ್ಲು ಕಟ್ಟಿಕೊಂಡು ಮಷೀನು ತುಳಿಯುತ್ತಿದ್ದ.

ಪಕ್ಕದ ಮನೆಯ ಗಂಗಮ್ಮ ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟಳು: "ಹುಳಾ ಹತ್ತೈತಿ. ಒಬ್ಬರಿಂದ ಒಬ್ಬರಿಗೆ ಹತ್ತತೈತಿ. ಹುಡುಗಿ ಕೂದ್ಲಾ ಜ್ವಾಕಿ!"

ಅಂದಿನಿಂದ ಮಾವ ನನ್ನ ತಲೆ ಮುಟ್ಟುವುದನ್ನು ಬಿಟ್ಟ. ಅವನ ಬಾಚಣಿಗೆ ಬೇರೆ, ಹಾಸಿಗೆ ಬೇರೆ. ನಾನು ಎಣ್ಣೆಬಟ್ಟಲು ಹಿಡಿದು ಹೋದರೆ "ದೂರ ಸರಿ ಅವ್ವಿ," ಎನ್ನುತ್ತಿದ್ದ. ನಾನೇ ಹಾಕಿಕೊಂಡ ಜಡೆಗಳು ಒಂದು ಬಂಕಾಪುರಕ್ಕೆ, ಇನ್ನೊಂದು ಹಿರೇಕೆರೂರಿಗೆ ಹೊರಟಂತೆ ಇರುತ್ತಿದ್ದವು. ಜಡೆ ಹಾಳಾಗಲಿ, ನನಗೆ ಮಾವ ಬೇಕಾಗಿದ್ದ.

ಮೀಸೆ ಉದುರಿದ ಜಾಗಕ್ಕೆ ಉಳ್ಳಾಗಡ್ಡಿ ರಸವಾಯಿತು, ಬೆಳ್ಳುಳ್ಳಿಯಾಯಿತು. ಕೊನೆಗೆ ಅತ್ತಿ, ಖಾರಕ್ಕೆ ಹುಳ ಸಾಯುತ್ತದೆಂದು ಮೆಣಸಿನಕಾಯಿ ಅರೆದು ಕೊಬ್ಬರಿಎಣ್ಣೆಯಲ್ಲಿ ಕಲೆಸಿ ಬಳಿದಳು. ಬ್ಯಾಡಗಿಯವರಲ್ಲದೆ ಇನ್ಯಾರು ಹೀಗೆ ಮಾಡಿಯಾರು? ಹುಳ ಸತ್ತಿತೋ ಇಲ್ಲವೋ, ಮಾವ ಅಂಗಳದ ತುಂಬ ಕುಣಿದ. ಸಂಜೆಗೆ ಉರಿ ಇಳಿಯಿತು, ಬಣ್ಣ ಇಳಿಯಲಿಲ್ಲ. ಲಿಪ್‌ಸ್ಟಿಕ್ ಹಚ್ಚಲು ಹೋಗಿ ಅರ್ಧಕ್ಕೇ ಬಿಟ್ಟವನಂತೆ ಕಾಣುತ್ತಿದ್ದ. "ಗುಂಟೂರು ಕಾಯಿ ಹಚ್ಚಬೇಕಿತ್ತು," ಎಂದಳು ಗಂಗಮ್ಮ. ಮಾವ ಅಂಗಿ ಹಾಕಿಕೊಂಡು, ಅತ್ತಿಯನ್ನೂ ನನ್ನನ್ನೂ ಕರೆದುಕೊಂಡು ಹಾವೇರಿಗೆ ಹೊರಟ.

ಹಾವೇರಿಯ ಚರ್ಮದ ಡಾಕ್ಟರು ವಯಸ್ಸಾದ ಹೆಣ್ಣುಮಗಳು. ತುಟಿ ನೋಡಿ ಮೊದಲು ಅತ್ತಿಯನ್ನು ಬೈದರು. ಆಮೇಲೆ ಹೇಳಿದರು: "ಹುಳಾ ಗಿಳಾ ಏನೂ ಇಲ್ರಿ. ಹೊರಗಿನ ರೋಗ ಬಂದ್ರ ಬಡದು ಓಡಸಾಕ ಮೈಯಾಗ ಒಂದು ಶಕ್ತಿ ಇರತೈತಿ. ಅದು ತಪ್ಪು ತಿಳಕೊಂಡು ನಿಮ್ಮ ಕೂದಲ ಬೇರನ್ನ ಬಡ್ಯಾಕತ್ತೈತಿ."

"ಅಂದ್ರ ಮನಿ ಕಾಯೋ ನಾಯಿ ಮನಿಯವರಿಗೇ ಕಚ್ಚಿದಂಗಾತು," ಎಂದ ಮಾವ.

"ಹಂಗ ತಿಳಕೋರಿ. ಬೇರು ಸತ್ತಿಲ್ಲ. ಅಲ್ಲೇ ಸಣ್ಣ ಸೂಜಿಲೆ ಔಷಧ ಕೊಡತೇನಿ, ಹೇಳಿದಾಗ ಬರ್ರಿ. ಬಾಳ ಮಂದಿಗೆ ತಿರುಗಿ ಬರತೈತಿ, ಮೊದಲು ಬೆಳ್ಳಗ ಬರಬಹುದು. ಮತ್ತ ಉದುರಿದ್ರೂ ಉದುರೀತು, ಖಾತ್ರಿ ನಾ ಕೊಡಾಂಗಿಲ್ಲ. ಇನ್ನ ಏನರ ಕೇಳೋದೈತೇನ್ರಿ?"

ಮೀಸೆ ಯಾವಾಗ ಬರುತ್ತದೆಂದು ಕೇಳುತ್ತಾನೆ ಅಂದುಕೊಂಡೆ. ಮಾವ ನನ್ನ ಕಡೆ ಕೈ ಮಾಡಿದ. "ಈ ಹುಡುಗಿ ತಲಿ ನಾನು ಮುಟ್ಟಬಹುದೇನ್ರಿ?"

ಡಾಕ್ಟರು ನನ್ನ ಜಡೆಗಳನ್ನು ನೋಡಿದರು. "ಇದು ಮುಟ್ಟಿದ್ರ ಹತ್ತೋ ಜಡ್ಡಲ್ಲ. ಲಗೂನ ಮುಟ್ರಿ, ನೋಡಾಕ ಆಗವಲ್ದು."

ಹಾವೇರಿ ಸ್ಟೇಷನ್ನಿನ ಬೆಂಚಿನ ಮೇಲೆ, ಪ್ಯಾಸೆಂಜರ್ ಗಾಡಿ ಬರುವಷ್ಟರಲ್ಲಿ ನನ್ನ ಜಡೆ ಆಯಿತು. ಟೇಪು ತಂದಿರಲಿಲ್ಲ, ಗೇಣಿನಿಂದ ಅಳೆದ. ಮಾವ ಕಣ್ಣು ಒರೆಸಿಕೊಂಡದ್ದನ್ನು ಅತ್ತಿಯೂ ನೋಡಿದಳು, ನಾನೂ ನೋಡಿದೆ. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಸ್ಟೇಷನ್ನಿನಲ್ಲೂ ಆಗಿಲ್ಲ.

ದಿನವೆಲ್ಲ ಸೂಜಿ ಹಿಡಿಯುವ ಮನುಷ್ಯ ಡಾಕ್ಟರ ಸೂಜಿ ಕಂಡರೆ ಅತ್ತಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದ. ಮೀಸೆ ಬಂತು, ಎಡಗಡೆ ಕಪ್ಪು, ಬಲಗಡೆ ಬಿಳಿ. ಬಣ್ಣ ಹಚ್ಚು ಎಂದರೆ "ಬಣ್ಣದ ಸಹವಾಸ ಸಾಕವ್ವಾ," ಎನ್ನುತ್ತಿದ್ದ.

ಪಾರ್ಲರಿನಿಂದ ಮನೆಗೆ ಬಂದವಳು ಮಾವನಿಗೆ ಫೋನು ಹಚ್ಚಿದೆ. "ಮಾವ, ನನಗೂ ಬಂತು ನೋಡು ನಿನ್ನ ಹುಳಾ," ಎಂದು ನಗುತ್ತಲೇ ಹೇಳಿದೆ. ಮಾವ ಸಣ್ಣ ದನಿಯಲ್ಲಿ ಕೇಳಿದ: "ನಾ ಜಡಿ ಹಾಕಿದ್ದಕ್ಕ ಬಂತೇನವ್ವಿ?"

ನನ್ನ ನಗು ನಿಂತುಹೋಯಿತು. ಡಾಕ್ಟರ ಮಾತನ್ನು ಮಾವ ಪೂರ್ತಿ ನಂಬಿರಲೇ ಇಲ್ಲ. ಅರ್ಧ ಹೆದರಿಕೊಂಡೇ ಅಷ್ಟು ವರ್ಷ ನನ್ನ ಜಡೆ ಹಾಕಿದ್ದ. ಪಾಪ, ಒಂದು ದಿನವೂ ತೋರಿಸಿಕೊಂಡಿರಲಿಲ್ಲ.

"ಅಲ್ಲ ಮಾವ. ಒಂದೊಂದು ಮನೆತನದಾಗ ಇರತೈತಂತ. ಕೈಯಿಂದ ಹತ್ತಾಂಗಿಲ್ಲ. ನಂಬಿಕಿ ಇಲ್ಲಂದ್ರ ನೀನ ಬಂದು ನೋಡು."

ಮರುದಿನ ಮೊದಲ ಬಸ್ಸಿಗೇ ಬಂದ. ಚಹಾ ಕೂಡ ಮುಟ್ಟದೆ ನನ್ನ ಬೆನ್ನ ಹಿಂದೆ ಕೂತು, ಕೂದಲು ಸರಿಸಿ, ಆ ಬೋಳು ಜಾಗ ಹುಡುಕಿ ಅದರ ಮೇಲೆ ಬೆರಳಿಟ್ಟ. ನಾನು ಅಲುಗಾಡದೆ ಕೂತೆ. "ನಂದಕ್ಕಿಂತ ಸಣ್ಣದೈತಿ ಬಿಡು," ಎಂದ ಕೊನೆಗೆ. "ಡಾಕ್ಟರ ಕಡೆ ನಾನೂ ಬರತೇನಿ, ಸೂಜಿಗೆ ಅಂಜಬ್ಯಾಡ. ಈಗ ಎಣ್ಣಿ ತಾ."

ಅಂದು ಏಳನೆಯ ವರ್ಗಕ್ಕೆ ಗಣಿತ ಕಲಿಸುವ ಈ ಟೀಚರು ಎರಡು ಜಡೆ ಹಾಕಿಸಿಕೊಂಡು ಶಾಲೆಗೆ ಹೋದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಸಂಜೆಯವರೆಗೂ ನಾನು ಬಿಚ್ಚಲಿಲ್ಲ.