ಕೇತ್‌ನೆಸ್‌ನಲ್ಲಿ ಅಜ್ಜಿಯ ಸಂಜೆಯೂಟ

೨೦೦೩ರ ಜೂನ್ ೨೦, ಶುಕ್ರವಾರ. ಇಂಗ್ಲೆಂಡಿನ ಕೊವೆಂಟ್ರಿಯ ಮನೆಯಿಂದ ಹೊರಟು ಮೂರನೆಯ ದಿನ. ಸ್ಕಾಟ್‌ಲೆಂಡಿನ ಉತ್ತರದ ತುದಿಯಲ್ಲಿರುವ ಕೇತ್‌ನೆಸ್ ಸೀಮೆಯ ಲೆಕ್ಕ ನನ್ನ ಡೈರಿಯಲ್ಲಿದೆ: ಮಧ್ಯಾಹ್ನದಿಂದ ಕಂಡ ಮರ ಹತ್ತೊಂಬತ್ತು. ರಸ್ತೆಗೆ ಅಡ್ಡ ಮಲಗಿದ್ದ ಕುರಿ ನಲವತ್ತಾರು. ಒಂದೇ ಕಾರು ಹಿಡಿಸುವ ದಾರಿಯಲ್ಲಿ ನಮಗೆ ಜಾಗ ಬಿಟ್ಟು, ಸ್ಟೀರಿಂಗ್ ಮೇಲಿಂದಲೇ ಒಂದು ಬೆರಳೆತ್ತಿ ವಂದಿಸಿದವರು ಮೂವತ್ತೊಂದು ಜನ. ಹಿಂದಿನ ಸೀಟಿನಿಂದ ಅಜ್ಜಿ ಅಷ್ಟೂ ಜನಕ್ಕೆ ಕೈಮುಗಿದಿದ್ದರು. ಮರವಿಲ್ಲದ ಊರಾದ್ದರಿಂದಲೋ ಏನೋ, ಹೊಲಗಳಿಗೆ ಚಪ್ಪಡಿ ಕಲ್ಲುಗಳನ್ನು ಸಾಲಾಗಿ ನೆಟ್ಟ ಬೇಲಿ.

ಕುರಿಗಳಿಂದ ತಡವಾಯಿತು. ತಂಗುವ ಮನೆಯ ಮುಂದೆ ಅಪ್ಪ ಕಾರು ನಿಲ್ಲಿಸಿದಾಗ ಒಂಬತ್ತು ಗಂಟೆ ಐದು ನಿಮಿಷ. ಅಜ್ಜಿ ಹನ್ನೊಂದಕ್ಕೆ ಉಂಡವರು, ಆಮೇಲೆ ನೀರು ಬಿಟ್ಟರೆ ಏನೂ ಇಲ್ಲ. ನಾವು ಜೈನರು. ಸೂರ್ಯ ಮುಳುಗುವುದಕ್ಕೆ ನಲವತ್ತೆಂಟು ನಿಮಿಷ ಮೊದಲೇ ಅಜ್ಜಿಯ ಊಟ ಮುಗಿಯಬೇಕು.

ಅವಲಕ್ಕಿಗೆ ಬೆಲ್ಲ, ಕೊಬ್ಬರಿ ಕಲಸಿ ಕೊಟ್ಟೆ. ಅಜ್ಜಿ ತಟ್ಟೆ ಸರಿಸಿದರು.

"ಎಂಟೂ ಮುಕ್ಕಾಲಿಗೇ ಮುಗೀತಲ್ಲ ಹೊತ್ತು. ಫ್ರಿಜ್ ಮೇಲೆ ಅಂಟಿಸಿದ್ದೀಯಲ್ಲ, ನೀನೇ ಬರೆದಿದ್ದು."

ನಿಜ, ಊಟ ಮುಗಿಸಬೇಕಾದ ಹೊತ್ತಿನ ಇಡೀ ವರ್ಷದ ಪಟ್ಟಿಯನ್ನು ನಾನೇ ಬರೆದು ಅಂಟಿಸಿದ್ದೆ.

"ಅದು ಕೊವೆಂಟ್ರಿ ಲೆಕ್ಕ ಅಜ್ಜಿ. ಬೇಸಿಗೆಯಲ್ಲಿ ಉತ್ತರಕ್ಕೆ ಬಂದಷ್ಟೂ ಹಗಲು ಜಾಸ್ತಿ. ಇಲ್ಲಿ ಸೂರ್ಯ ಮುಳುಗೋದು ಹತ್ತೂ ಇಪ್ಪತ್ತೈದಕ್ಕೆ, ಇಲ್ಲಿನ ಪೇಪರಲ್ಲೇ ಇದೆ. ಒಂಬತ್ತೂ ಮೂವತ್ತೇಳರವರೆಗೂ ಉಣ್ಣಬಹುದು."

"ಪೇಪರ್‌ನವರು ಹೇಳಿದ್ರೆ ಸೂರ್ಯ ಕೇಳ್ತಾನಾ? ಎಲ್ಲಿದ್ದಾನೆ, ತೋರಿಸು."

ಆಕಾಶದ ತುಂಬ ಮೋಡ.

"ತಿನ್ನಮ್ಮ, ಬೆಳಕು ಕಾಣ್ತಿಲ್ವಾ?" ಎಂದರು ಅಪ್ಪ.

"ಬೆಳಕು ಮುಳುಗಿದ ಮೇಲೂ ಇರುತ್ತಪ್ಪ. ನಂಗೆ ಪಾಠ ಹೇಳ್ಬೇಡ."

ಒಂಬತ್ತು ಹದಿನೈದು. ಪಟ್ಟಿ ಬರೆದ ಕೈಯನ್ನೇ ಶಪಿಸುತ್ತ ಬೇಲಿಯ ಹತ್ತಿರ ಹೋದೆ. ಪಡುವಣದಲ್ಲಿ ಮೋಡ ಒಂದಿಷ್ಟು ತೆಳುವಾಯಿತು. ಸೂರ್ಯ ಕಾಣಲಿಲ್ಲ, ಆದರೆ ಹುಲ್ಲಿನ ಮೇಲೆ ಚಪ್ಪಡಿಗಳ ನೆರಳು ಒಂದೊಂದಾಗಿ ಮೂಡಿತು, ಮಸುಕಾಗಿ, ಉದ್ದಕ್ಕೆ.

"ಅಜ್ಜಿ, ಬೇಗ ಬನ್ನಿ!"

ಅಜ್ಜಿ ಬಂದು ಬಗ್ಗಿ ನೋಡಿದರು. ನೆರಳಿನ ಮೇಲೆ ಕೈಯಾಡಿಸಿದರು. ಅವರ ಕೈಗೂ ನೆರಳಿತ್ತು.

"ಇದ್ದಾನೆ ಕಣೇ! ತಾ ತಟ್ಟೆ."

ಕಲ್ಲಿಗೊರಗಿ ನಿಂತೇ ತಿಂದರು. ಮೂವತ್ತೆರಡನೆಯ ಚಾಲಕ ಬೆರಳೆತ್ತಿ ಹೋದ. ಎಡಗೈಯಲ್ಲಿ ತಟ್ಟೆ, ಬಲಗೈ ಎಂಜಲು, ಹಾಗಾಗಿ ಅಜ್ಜಿ ಬರೀ ತಲೆಯಾಡಿಸಿದರು.

"ಇನ್ನೆಷ್ಟು ನಿಮಿಷ ಇದೆ?"

"ಹನ್ನೊಂದು."

"ಹಾಗಾದ್ರೆ ಇನ್ನೊಂದು ಹಿಡಿ ಹಾಕು," ಎಂದು ತಟ್ಟೆ ಚಾಚಿದರು. "ಬೆಲ್ಲ ಜಾಸ್ತಿ ಇರ್ಲಿ."