ಹಾಸುಹೊಕ್ಕಿಲ್ಲದ ಬಟ್ಟೆ

ಕ್ವೀನ್ಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಇರಾನಿನ ಹಿರಿಯರು ತಮ್ಮ ಗ್ಯಾರೇಜಿನಲ್ಲಿ ‘ನಮದ್’ ಮಾಡುತ್ತಿದ್ದರು. ನೂಲದೆ, ನೇಯದೆ, ಬರಿಯ ಉಣ್ಣೆಯನ್ನು ಬಿಸಿನೀರು ಸಾಬೂನಿನಲ್ಲಿ ಒತ್ತಿ ಕೂಡಿಸಿದ ದಪ್ಪ ಬಟ್ಟೆ ಅದು. ಮೊದಲ ನಮದನ್ನು ಕುರುಬನೊಬ್ಬನ ಕಣ್ಣೀರು ಗಟ್ಟಿ ಮಾಡಿತೆಂಬ ಕಥೆ ಅವರಿಗೆ ಪ್ರಿಯ. ನಾನು ಒಪ್ಪಲಿಲ್ಲ.

“ಕಂಬಳಿಗೂ ಹಾಸುಹೊಕ್ಕು ಬೇಕು. ಇದು ಹೇಗೆ ನಿಂತೀತು?”

“ಉಣ್ಣೆಯನ್ನು ಉಣ್ಣೆಯೇ ಹಿಡಿದುಕೊಳ್ಳುತ್ತದೆ, ಆಗಾ” ಎನ್ನುವರು. ಆಗಾ ಎಂದರೆ ಅವರಲ್ಲಿ ಸ್ವಾಮಿ ಎಂದಂತೆ.

ಒಂದು ಭಾನುವಾರ, ತೀರಿಕೊಂಡ ತಮ್ಮ ತಂದೆಯ ಕುರಿಮಂದೆಯಿಂದ ಉಳಿದಿದ್ದ ಕೊನೆಯ ಉಣ್ಣೆಯನ್ನು ಮೊಮ್ಮಗಳ ತೊಟ್ಟಿಲಿಗೆಂದು ಹರಡಿದರು. ಬಣ್ಣದ ಉಣ್ಣೆಯ ಚಿತ್ತಾರವನ್ನು ಮೊದಲೇ ಅಡಿಯಲ್ಲಿ ಬೋರಲಾಗಿ ಇಟ್ಟಿದ್ದರು; ಬಿಚ್ಚುವವರೆಗೆ ಅದು ಅವರಿಗೂ ಕಾಣದು. ಬಿಸಿನೀರು ಚಿಮುಕಿಸಿ ಸುರುಳಿ ಸುತ್ತಿ, ಮಧ್ಯಾಹ್ನವಿಡೀ ಅದನ್ನು ಮೊಳಕೈಯಿಂದ ಒತ್ತಿ ಉರುಳಿಸಿದರು. ಬಿಚ್ಚಿದಾಗ ಕೆಂಪು ದಾಳಿಂಬೆಯೊಂದು ಅಂಚು ಕದಡದೆ ಮೂಡಿತ್ತು.

ಒಂದು ತುದಿಯನ್ನು ನನ್ನ ಕೈಗಿತ್ತರು. “ನಿಮಗೆ ನಂಬಿಕೆಯಿಲ್ಲ. ಎಳೆಯಿರಿ.”

“ಬೇಡ ಅಪ್ಪಾ! ಇನ್ನೊಂದಕ್ಕೆ ಉಣ್ಣೆಯಿಲ್ಲ” ಎಂದು ಅವರ ಮಗಳು ಕೂಗಿದಳು.

ಅವರು ಇನ್ನೊಂದು ತುದಿ ಹಿಡಿದು ಕಾಲೂರಿ ನಿಂತರು. ನಾನು ಮೈಭಾರವನ್ನೆಲ್ಲ ಹಾಕಿ ಎಳೆದೆ. ಒಂದು ಕೂದಲೂ ಸಡಿಲಲಿಲ್ಲ. ಕಣ್ಣೀರಿನ ಕಥೆಯನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಆ ಒದ್ದೆ ಅಂಚನ್ನು ಕೈಬಿಡಲು ಅಂದು ಮನಸ್ಸಾಗಲಿಲ್ಲ.

“ಇನ್ನು ಬಿಡಿ, ಆಗಾ” ಎಂದು ಅವರು ನಕ್ಕರು. “ಅದು ಮಗುವಿನದು.”