ಅಕ್ಕನ ಗಾಡಿಯ ಒಳಮೆಟ್ಟಿಲು

ಅಕ್ಕ ಆ ಗಾಡಿ ಕೊಂಡದ್ದನ್ನು ನಮ್ಮ ನೆಂಟರು ಸಾವಿನ ಸುದ್ದಿಯಂತೆ ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಕುಶಾಲನಗರದ ಸುತ್ತಮುತ್ತ ಇರುವ ನಮ್ಮವರೆಲ್ಲ ಹಿಂದೆ ಹಾಸನದ ಕಡೆಯಿಂದ ಬಂದು ನೆಲೆ ನಿಂತವರು. ಒಂದು ಸಲ ಗಂಟುಮೂಟೆ ಕಟ್ಟಿದ್ದೇ ಸಾಕೆಂದು ಕೂತವರು ಮತ್ತೆ ಏಳಲಿಲ್ಲ. ಅವರ ಪ್ರಕಾರ ಮನೆ ಅಂದರೆ ಅದಕ್ಕೊಂದು ಪಾಯ ಇರಬೇಕು. ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಡಿಯೊಳಗೆ ಹಾಸಿಗೆ, ಒಲೆ, ಟಾಯ್ಲೆಟ್ ಇದ್ದರೆ ಅದು ಮನೆಯಲ್ಲ, ಮರ್ಯಾದೆಗೇಡು. "ಈ ವಯಸ್ಸಲ್ಲಿ ಇವಳಿಗೆ ಯಾಕೆ ಬೇಕಿತ್ತು?" ಎಂದು ಕೇಳಿದವರೆಲ್ಲ ಸಾಲಾಗಿ ಬಂದು ಗಾಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಅಕ್ಕ ಸರ್ಕಾರಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದವಳು. ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಅವಳ ಮನೆಗೇ ಬಂದು ಸೇರಿಕೊಂಡೆ. ಸರ್ವೀಸಿನ ಉದ್ದಕ್ಕೂ ಅವಳು ಹುಡುಗಿಯರ ಖೋಖೋ ತಂಡ ಕಟ್ಟಿಕೊಂಡು ಊರೂರು ಅಲೆದಳು. ಹೋದಲ್ಲೆಲ್ಲ ಯಾವುದೋ ಶಾಲೆಯ ಜಗಲಿ, ಯಾವುದೋ ಸಮುದಾಯ ಭವನದ ಸಿಮೆಂಟು ನೆಲ, ತಲೆಯಡಿಗೆ ಮಡಚಿದ ಸ್ವೆಟರು. ನಿವೃತ್ತಿಯಾದಾಗ ಅವಳಿಗೆ ಉಳಿದದ್ದು ಸವೆದ ಬಲ ಮಂಡಿ ಮತ್ತು ಒಂದೇ ಒಂದು ಆಸೆ: ಊರು ಸುತ್ತಬೇಕು, ಆದರೆ ಎಲ್ಲಿ ಹೋದರೂ ತನ್ನದೇ ಹಾಸಿಗೆಯಲ್ಲಿ ಮಲಗಬೇಕು. ಸುಂಟಿಕೊಪ್ಪದ ಕಡೆಯ ಎಸ್ಟೇಟಿನವರೊಬ್ಬರು ಉಮೇದಿನಲ್ಲಿ ಮಾಡಿಸಿ, ಒಂದು ಸಲ ಹೋಗಿ ಬಂದು, ಶೆಡ್ಡಿನಲ್ಲಿ ಧೂಳು ತಿನ್ನಲು ಬಿಟ್ಟಿದ್ದ ಗಾಡಿ ಅದು. ಅವರು ಕೊಟ್ಟರು, ಇವಳು ತಂದಳು.

ಗಾಡಿಯೊಳಗೆ ಹೋದರೆ ಒಂದು ಬದಿಗೆ ಒಲೆ ಮತ್ತು ಸಿಂಕು, ಇನ್ನೊಂದು ಬದಿಗೆ ಕೂರುವ ಬೆಂಚು. ಮುಂದೆ ಇಕ್ಕಟ್ಟಾದ ಓಣಿಯಂಥ ಜಾಗ, ಅದರ ಪಕ್ಕಕ್ಕೆ ಟಾಯ್ಲೆಟ್ಟಿನ ಬಾಗಿಲು. ಓಣಿಯ ಕೊನೆಯಲ್ಲಿ, ಜೀಪಿಗೆ ಕೊಕ್ಕೆ ಹಾಕುವ ಮೂತಿಯ ಕಡೆಗೆ, ಅಟ್ಟದಂತೆ ಎತ್ತರದಲ್ಲಿ ಹಾಸಿಗೆ. ಹಾಸಿಗೆಯ ಅಡಿಗೆ ಸಾಮಾನು ತುಂಬುವ ಪೆಟ್ಟಿಗೆ. ಮೇಲೇರಲು ಇದ್ದವು ಎರಡೇ ಮೆಟ್ಟಿಲು, ಒಂದೊಂದೂ ಮಂಡಿಯೆತ್ತರ. ಅಗಲವೋ, ಅರ್ಧ ಪಾದ ಹಿಡಿದರೆ ಪುಣ್ಯ. ಅದನ್ನು ಮಾಡಿದವನು ಮೇಲೇರುವ ಮನುಷ್ಯರಿಗೂ ಕಾಲಿರುತ್ತದೆ ಎಂಬುದನ್ನು ಮರೆತೇಬಿಟ್ಟಿದ್ದ. ಕೋಳಿಗೂಡಿನ ಏಣಿಯನ್ನೂ ನಮ್ಮ ಕಡೆ ಇದಕ್ಕಿಂತ ಕರುಣೆಯಿಂದ ಮಾಡುತ್ತಾರೆ.

ಮೊದಲ ಸವಾರಿಗೆ ಅಕ್ಕ ಮಾಕುಟ್ಟದ ದಾರಿ ಹಿಡಿದಳು. ಘಾಟಿಯ ತಿರುವುಗಳಲ್ಲಿ ಅವಳು ಜೀಪು ಓಡಿಸಿದ ರೀತಿ ನೋಡಿ ಎದುರು ಬಂದ ಲಾರಿಯವರೇ ಪಕ್ಕಕ್ಕೆ ನಿಂತರು. ಕೇರಳದ ಗಡಿಯ ಚೆಕ್‌ಪೋಸ್ಟಿನ ಸಮೀಪ ಒಂದು ಚಹಾ ಅಂಗಡಿಯ ಅಂಗಳದಲ್ಲಿ ಕೇಳಿಕೊಂಡು ಗಾಡಿ ನಿಲ್ಲಿಸಿದೆವು. ಊಟವಾಯಿತು. ಸ್ವಲ್ಪ ಹೊತ್ತು ಬೆನ್ನು ಚಾಚುತ್ತೇನೆಂದು ಅವಳು ಹಾಸಿಗೆ ಹತ್ತಿದಳು. ಇಳಿಯುವಾಗ ಬಲಗಾಲಿಗೆ ಮೆಟ್ಟಿಲಿನ ಅಂಚು ಸಿಗದೆ ಜಾರಿ, ಧೊಪ್ಪನೆ ಬಿದ್ದಳು. ಬೆಂಚಿನ ಮೂಲೆಗೆ ಮಣಿಕಟ್ಟು ಬಡಿದು ಊದಿಕೊಂಡಿತು. ಸದ್ದಿಗೆ ಅಂಗಡಿಯವನು ಓಡಿಬಂದು ಐಸು ಕೊಟ್ಟ. ಒಳ್ಳೆಯವನೇ. ಆದರೆ ಬಾಯಿ ಸುಮ್ಮನಿರಲಿಲ್ಲ.

"ಚೇಚಿ, ಇದೆಲ್ಲ ಬೇಕಾ ನಿಮಗೆ? ಮನೇಲಿ ಟಿವಿ ಇಲ್ವಾ?"

"ಇದೆ. ಅದು ಮಾಕುಟ್ಟಕ್ಕೆ ಬರಲ್ಲ," ಎಂದಳು ಅಕ್ಕ.

ವಾಪಸ್ಸು ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು, "ಮೆಟ್ಲು ಬದಲಾಯಿಸ್ಬೇಕು ಕಣೆ." ಆ ಮಾತು ಅಣ್ಣನ ಕಿವಿಗೆ ಬಿದ್ದದ್ದು ನಮ್ಮ ದುರದೃಷ್ಟ.

ಅಣ್ಣ ಅವಳಿಗೆ ತಮ್ಮ, ನನಗೆ ದೊಡ್ಡವನು. ಪ್ಲೈವುಡ್ ಅಂಗಡಿ ಇಟ್ಟವನು. ಪ್ಲೈವುಡ್ ಮಾರುತ್ತ ಮಾರುತ್ತ ಒಂದು ದಿನ ಬೋರ್ಡಿನಲ್ಲಿ 'ಇಂಟೀರಿಯರ್ಸ್' ಎಂದು ಬರೆಸಿ ಡಿಸೈನರ್ ಆದ. ಹೋಂಸ್ಟೇ ಮಾಡುವ ಹುಚ್ಚು ಹಿಡಿದವರೆಲ್ಲ ಇವನ ಗಿರಾಕಿಗಳು. ಅಜ್ಜನ ಕಾಲದ ಗಟ್ಟಿ ಬೀಟೆಯ ಕಪಾಟನ್ನು ತೆಗೆಸಿ, ಬೀಟೆಯ ಬಣ್ಣದ ಕಾಗದ ಅಂಟಿಸಿದ ಹಲಗೆ ಹೊಡೆಸಿ, "ಈಗ ನೋಡಿ ಲುಕ್ಕು!" ಎನ್ನುವುದರಲ್ಲಿ ಇವನನ್ನು ಮೀರಿಸಿದವರಿಲ್ಲ. ಗಾಡಿ ಕೊಂಡಾಗ ಅಕ್ಕನ ತಲೆ ಕೆಟ್ಟಿದೆ ಎಂದು ಊರಿಗೆಲ್ಲ ಹೇಳಿದವನೂ ಇವನೇ. ಈಗ ಬಂದು ಕೈಕಟ್ಟಿ ನಿಂತು ಮೆಟ್ಟಿಲನ್ನು ದಿಟ್ಟಿಸಿದ.

"ಅಕ್ಕ, ಇದು ನಂಗೆ ಬಿಡು. ನೀನು ತಲೆ ಹಾಕ್ಬೇಡ. ಮುಗಿದ್ಮೇಲೆ ನೋಡು."

"ನಂಗೆ ಹತ್ತೋಕೆ ಇಳಿಯೋಕೆ ಆದ್ರೆ ಸಾಕು ಕಣೋ. ಲುಕ್ಕು ಬೇಡ."

"ಲುಕ್ಕು ಫ್ರೀ ಅಕ್ಕ," ಎಂದು ನಕ್ಕ.

ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಕ್ಕ ಒಪ್ಪಿದಳು. ಅಣ್ಣ ಗಾಡಿಯನ್ನು ತನ್ನ ಅಂಗಡಿಯ ಮುಂದಿನ ಸಿಮೆಂಟು ಅಂಗಳಕ್ಕೆ ಎಳೆಸಿಕೊಂಡು ಹೋದ. ಆಮೇಲೆ ಅಲ್ಲಿಗೆ ಹೋದಾಗಲೆಲ್ಲ ಬಾಗಿಲು ಹಾಕಿರುತ್ತಿತ್ತು. ಒಳಗಿನಿಂದ ಗರಗಸದ ಸದ್ದು, ಫೆವಿಕಾಲಿನ ವಾಸನೆ. ಅಳತೆಗೆ ಒಂದು ಸಲ ಅಕ್ಕನನ್ನು ಕರೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ಏರುವವಳು ಅವಳು. ಅವನು ಅಳೆದದ್ದು ಗೋಡೆಯನ್ನು.

ಕೆಲಸ ಮುಗಿದ ದಿನ ನೆಂಟರನ್ನೆಲ್ಲ ಕರೆದ. ತೆಂಗಿನಕಾಯಿ ಒಡೆಸಿದ. ಮೆಟ್ಟಿಲಿಗೆ ತೆಂಗಿನಕಾಯಿ ಒಡೆದದ್ದನ್ನು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು. ಎರಡಿದ್ದ ಮೆಟ್ಟಿಲು ಮೂರಾಗಿತ್ತು. ಅಷ್ಟು ಸರಿ. ಮೇಲ್ಮೈ ಕನ್ನಡಿಯಂತೆ ಹೊಳೆಯುವ ಬಿಳಿ ಲ್ಯಾಮಿನೇಟು, ಅಂಚುಗಳೆಲ್ಲ ಬಿಲ್ಲಿನಂತೆ ಬಾಗಿದವು, ಅಡಿಯಿಂದ ನೀಲಿ ಎಲ್‌ಇಡಿ ದೀಪ. ಪ್ರತಿ ಮೆಟ್ಟಿಲೂ ಒಂದೊಂದು ಡ್ರಾಯರು. ಬೆರಳು ತಾಗಿಸಿದರೆ ಸಾಕು, ಬೆಣ್ಣೆಯ ಮೇಲೆ ಜಾರಿದಂತೆ ಹೊರಬರುತ್ತಿತ್ತು. "ಚಾನೆಲ್ ಇಂಪೋರ್ಟೆಡ್ಡು," ಎಂದು ಅಣ್ಣ ಡ್ರಾಯರು ಜಾರುವ ಕಂಬಿಗಳನ್ನು ಎಳೆದು ತಳ್ಳಿ, ಎಳೆದು ತಳ್ಳಿ ತೋರಿಸಿದ. ಗಾಡಿಯನ್ನು ಮರ್ಯಾದೆಗೇಡು ಎಂದಿದ್ದ ಚಿಕ್ಕಪ್ಪ, "ಫೈವ್ ಸ್ಟಾರ್ ಹೋಟ್ಲು ಆಯ್ತು ನೋಡು," ಎಂದರು. ಅವರು ಫೈವ್ ಸ್ಟಾರ್ ಹೋಟೆಲನ್ನು ನೋಡಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಮೆಟ್ಟಿಲು ಮುಂದಕ್ಕೆ ಬಂದದ್ದರಿಂದ ಟಾಯ್ಲೆಟ್ಟಿನ ಬಾಗಿಲು ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು ತೆರೆಯುತ್ತಿತ್ತು. ನಾನು ಅದನ್ನು ತೋರಿಸಿದೆ.

"ಸೈಡಾಗಿ ಹೋಗ್ಬೇಕು," ಎಂದ ಅಣ್ಣ, ಅದೂ ತನ್ನ ಡಿಸೈನಿನ ಭಾಗ ಎಂಬಂತೆ.

ಅಕ್ಕ ಒಂದು ಸಲ ಹತ್ತಿ ಇಳಿದಳು. ಇಳಿಯುವಾಗ ಎರಡೂ ಕೈಯಿಂದ ಗೋಡೆ ತಡವಿದಳು. ಹಿಡಿಯಲು ಏನೂ ಇರಲಿಲ್ಲ. ನೀಲಿ ಬೆಳಕನ್ನು ಹಿಡಿದುಕೊಳ್ಳಲಾಗುತ್ತದೆಯೇ?

ಮುಂದಿನ ಭಾನುವಾರ ಹಾರಂಗಿ ಕಡೆಗೆ ಹೊರಟೆವು. ತನ್ನ ಕೈಚಳಕ ಓಡುವುದನ್ನು ನೋಡಬೇಕೆಂದು ಅಣ್ಣ ಅತ್ತಿಗೆಯನ್ನೂ ಕರೆದುಕೊಂಡು ಬಂದ. ಅತ್ತಿಗೆ ಮೃದು ಮಾತಿನವಳು. ಗಂಡ ಡಿಸೈನರ್ ಆದ ಮೇಲೆ ಅವಳ ಮನೆಯಲ್ಲಿ ಕೂರಲು ಸುಖವಾದ ಕುರ್ಚಿ ಒಂದೂ ಉಳಿದಿರಲಿಲ್ಲ, ಆದರೂ ಯಾರ ಹತ್ತಿರವೂ ದೂರಿದವಳಲ್ಲ. ಬರುವಾಗ ಪುಳಿಯೋಗರೆ, ಕೋಡುಬಳೆ, ಮೊಸರನ್ನ ತಂದು ಸ್ಟೀಲ್ ಡಬ್ಬಿಗಳನ್ನೆಲ್ಲ ಆ ಡ್ರಾಯರುಗಳಲ್ಲೇ ತುಂಬಿಟ್ಟಳು. ಅಣ್ಣನ ಮುಖ ಅರಳಿತು.

ಹಿನ್ನೀರಿನ ಹತ್ತಿರ ಅಕ್ಕನ ಹಳೆಯ ವಿದ್ಯಾರ್ಥಿನಿಯೊಬ್ಬಳ ಜಮೀನಿತ್ತು. ಅಲ್ಲಿ ಮೂತಿ ಏರಿನ ಕಡೆಗಾಗಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ಅಕ್ಕನೂ ನಾನೂ ಹೊರಗೆ ಕುರ್ಚಿ ಹಾಕಿಕೊಂಡು ಸಣ್ಣ ಸ್ಟವ್‌ನಲ್ಲಿ ಕಾಫಿಗೆ ಇಟ್ಟೆವು. ಅತ್ತಿಗೆ ತಲೆನೋವೆಂದು ಒಳಗೆ ಹಾಸಿಗೆ ಹತ್ತಿ ಮಲಗಿದಳು. ಅಣ್ಣ ಸೈಡಾಗಿ ಟಾಯ್ಲೆಟ್ಟಿಗೆ ಹೋದ.

ಕಾಫಿ ಇನ್ನೂ ಲೋಟಕ್ಕೆ ಬಗ್ಗಿಸುತ್ತಿದ್ದೆ. ಹಿಂದಿನ ಮೆತ್ತಗಿನ ಮಣ್ಣಿಗೆ ಗಾಡಿಯ ಹಿಂಭಾಗ ಕೊಂಚ ಇಳಿಯಿತು. ಒಳಗೆ ಸ್‌ರ್ರ್ ಎಂದು ಒಂದು ಸದ್ದು, ಹಿಂದೆಯೇ ಇನ್ನೊಂದು, ಆಮೇಲೆ ಡಬ್ಬಿಗಳೆಲ್ಲ ಒಂದಕ್ಕೊಂದು ಬಡಿದ ಗಲಗಲ. ಹೋಗಿ ಇಣುಕಿದೆ. ಮೂರೂ ಡ್ರಾಯರುಗಳು ಪೂರ್ತಿ ಹೊರಗೆ ಬಂದು ನಿಂತಿದ್ದವು. ಅಡಿಯದು ಟಾಯ್ಲೆಟ್ಟಿನ ಬಾಗಿಲಿಗೆ ಅಡ್ಡ. ಮೆಟ್ಟಿಲಿದ್ದ ಕಡೆ ಪುಳಿಯೋಗರೆ, ಕೋಡುಬಳೆ, ಮೊಸರನ್ನ. ಮೇಲೆ ಹಾಸಿಗೆಯ ಅಂಚಿನಲ್ಲಿ ಅತ್ತಿಗೆ ಕಾಲು ಇಳಿಬಿಟ್ಟು, ಎಲ್ಲಿ ಇಡಬೇಕೆಂದು ಗೊತ್ತಾಗದೆ ಕೂತಿದ್ದಳು.

ಟಾಯ್ಲೆಟ್ಟಿನ ಬಾಗಿಲು ದಡದಡ ಎಂದಿತು. "ಯಾರು ಹೊರಗಡೆ ಚಿಲಕ ಹಾಕಿದ್ದು?"

"ಯಾರೂ ಇಲ್ಲ ಅಣ್ಣ. ನಿನ್ನ ಡ್ರಾಯರು."

ಒಳಗಿನಿಂದ ಬಾಗಿಲಿಗೆ ಇನ್ನೊಂದು ಗುದ್ದು ಬಿತ್ತು. ಆಮೇಲೆ, "ತಳ್ಳಿ ಅದನ್ನ!"

ತಳ್ಳಿದೆ. ಹೋಯಿತು. ಕೈ ತೆಗೆದೆ. ಅಷ್ಟೇ ನಯವಾಗಿ ವಾಪಸ್ಸು ಬಂತು. ಇಂಪೋರ್ಟೆಡ್ ಚಾನೆಲ್ಲು.

ಅಕ್ಕ ಹೊರಗಿನಿಂದಲೇ ಕೇಳಿದಳು, "ಏನಂತೆ?"

"ಅಣ್ಣ ಒಳಗೆ ಸಿಕ್ಕಾಕ್ಕೊಂಡಿದಾನೆ. ಅತ್ತಿಗೆ ಮೇಲೆ."

"ಉಸಿರಾಡ್ತಿದಾನಾ?"

"ಬೈತಿದಾನೆ."

"ಹಂಗಾದ್ರೆ ಕಾಫಿ ಮುಗಿಸ್ತೀನಿ."

ಮುಗಿಸಿದಳು, ಲೋಟ ತೊಳೆದಳು, ಆಮೇಲೆ ಒಳಗೆ ಬಂದಳು. ಮೇಲಿನ ಡ್ರಾಯರುಗಳನ್ನು ನಾನು ಒತ್ತಿ ಹಿಡಿದೆ, ಅವಳು ಅಡಿಯದನ್ನು ಎಡಗಾಲಲ್ಲಿ ತಳ್ಳಿ ಮೆಟ್ಟಿ ನಿಂತಳು. ಅಣ್ಣ ಸೈಡಾಗಿ ಹೊರಬಂದ. ಮುಖ ಬೆವೆತು ಕೆಂಪಗಾಗಿತ್ತು. ನಾಚಿಕೆಯಿಂದ ಎಂದು ನಾನು ಭಾವಿಸಿದೆ. ಆದರೆ ನಾಚಿಕೆಗೂ ಅವನಿಗೂ ಎಂದೂ ಪರಿಚಯವಿರಲಿಲ್ಲ.

"ಮೆಟ್ಲು ಸರಿಯಾಗೇ ಇದೆ," ಎಂದ. "ಇಲ್ಲಿ ನೆಲ ಲೆವೆಲ್ ಇಲ್ಲ."

"ಲೋ, ಕೊಡಗಲ್ಲಿ ಲೆವೆಲ್ ಇರೋ ನೆಲ ಎಲ್ಲಿದೆಯೋ? ನಿನ್ನ ಅಂಗಡಿ ಮುಂದೆ ಬಿಟ್ರೆ?" ಎಂದಳು ಅಕ್ಕ.

"ಗಾಡಿ ನಿಲ್ಲಿಸೋಕೆ ಬರಲ್ಲ ನಿಂಗೆ, ಅದಕ್ಕೆ ನಾನೇನು ಮಾಡ್ಲಿ?"

ಈ ಮಾತಿಗೆ ನಕ್ಕದ್ದು ಅಕ್ಕನಲ್ಲ, ಅತ್ತಿಗೆ. ಹಾಸಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟು ವರ್ಷಗಳ ನಗುವೋ. ಅಣ್ಣ ಅವಳನ್ನು ನೋಡಿ, ಹೊರಗೆ ಹೋಗಿ ಹಿನ್ನೀರಿನ ಕಡೆ ಮುಖ ಮಾಡಿ ನಿಂತ.

ಮನೆಗೆ ಬಂದ ಮೇಲೆ ಅಕ್ಕ ಇನ್ನು ಯಾರನ್ನೂ ಕೇಳಲಿಲ್ಲ. ಲ್ಯಾಮಿನೇಟಿನ ಮೆಟ್ಟಿಲನ್ನು ಸುತ್ತಿಗೆ ತಗೊಂಡು ನಾವಿಬ್ಬರೇ ಕಿತ್ತೆವು. ಅಷ್ಟು ಆಡಂಬರದ ವಸ್ತು ಕೀಳಲು ಎಷ್ಟು ಸಲೀಸು! ಒಳಗೆ ಮೊಳೆಗಿಂತ ಅಂಟೇ ಹೆಚ್ಚು. ನೀಲಿ ದೀಪ ಕಿತ್ತ ಮೇಲೂ ವೈರಿಗೆ ಜೋತುಬಿದ್ದು ಸ್ವಲ್ಪ ಹೊತ್ತು ಉರಿಯುತ್ತಿತ್ತು.

ಆಮೇಲೆ ಅಕ್ಕ ಅಂಗಳದಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಡಿಸಿ, ಬಲಗಾಲು ಎತ್ತಿ ಇಟ್ಟು ನೋಡಿದಳು. ನೋಯದೆ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ಹಲಗೆ ತೆಗೆಸುತ್ತ, ಸೇರಿಸುತ್ತ, ಮುಖ ಕಿವುಚುತ್ತ, ಕೊನೆಗೆ "ಇಷ್ಟು" ಎಂದಳು. ಆ ಎತ್ತರದ ಮೆಟ್ಟಿಲಾದರೆ ನಾಲ್ಕೈದು ಬೇಕಾಗಿ, ಹಾಸಿಗೆ ಮುಟ್ಟುವುದರೊಳಗೆ ಓಣಿ ಪೂರ್ತಿ ತುಂಬಿ ಟಾಯ್ಲೆಟ್ಟೇ ಮುಚ್ಚಿಹೋಗುತ್ತಿತ್ತು. ಇಬ್ಬರೂ ಗಾಡಿಯೊಳಗೆ ಕೂತು ಯೋಚಿಸಿದೆವು. ನಾನು ಸುಮ್ಮನೆ ಹಾಸಿಗೆಯ ಅಡಿಯ ಪೆಟ್ಟಿಗೆ ತೆಗೆದು ನೋಡಿದೆ. ಒಂದು ಕೊಡೆ, ಒಂದು ಹಗ್ಗ, ಹಿಂದಿನವರು ಬಿಟ್ಟುಹೋದ ಬ್ಯಾಡ್ಮಿಂಟನ್ ಬ್ಯಾಟು. ಅಷ್ಟೇ.

"ಇದಕ್ಕಾ ನಾವು ಅಟ್ಟ ಹತ್ತಿ ಮಲಗ್ತಿರೋದು?" ಎಂದೆ.

ಅಕ್ಕ ನನ್ನನ್ನು, ಆಮೇಲೆ ಬ್ಯಾಟನ್ನು ನೋಡಿದಳು. "ಇಳಿಸು ಹಾಸಿಗೇನ," ಎಂದಳು.

ಎಲ್ಲರೂ ಮೆಟ್ಟಿಲನ್ನೇ ನೋಡಿದ್ದರು. ಹಾಸಿಗೆ ಅಷ್ಟು ಮೇಲೆ ಯಾಕಿದೆ ಎಂದು ನಮ್ಮಲ್ಲೂ ಯಾರೂ ಕೇಳಿರಲಿಲ್ಲ. ಬಡಗಿಯನ್ನು ಕರೆಸಿ ಪೆಟ್ಟಿಗೆಯ ಎತ್ತರವನ್ನು ಅರ್ಧಕ್ಕೆ ಕೊಯ್ಯಿಸಿದೆವು. ಎರಡೇ ಮೆಟ್ಟಿಲು ಸಾಕಾಯಿತು, ಅವಳ ಮಂಡಿ ಒಪ್ಪಿದ ಎತ್ತರದವು, ಇಡೀ ಪಾದ ಊರುವಷ್ಟು ಅಗಲದವು. ಹಲಸಿನ ಹಲಗೆ. ಮೇಲೆ ಒರಟು ರಬ್ಬರಿನ ಮ್ಯಾಟು. ಡ್ರಾಯರಿಲ್ಲ, ದೀಪವಿಲ್ಲ. ಪಕ್ಕದ ಗೋಡೆಗೆ ಹಿಡಿದುಕೊಳ್ಳಲು ಬಸ್ಸಿನಲ್ಲಿರುವಂಥ ಒಂದು ಸ್ಟೀಲ್ ಪೈಪು. ಟಾಯ್ಲೆಟ್ಟಿನ ಬಾಗಿಲು ಪೂರ್ತಿ ತೆರೆಯಿತು. ನೋಡಲು ಸುಖವಿಲ್ಲ. ನೆಂಟರು ಯಾರೂ ಫೋಟೋ ತೆಗೆಯಲಿಲ್ಲ. ಚಿಕ್ಕಪ್ಪ ಬಂದವರು ಇಣುಕಿ, "ಅಯ್ಯೋ, ಅದು ಎಷ್ಟು ಚೆನ್ನಾಗಿತ್ತು," ಎಂದು ಮರುಗಿ ಹೋದರು.

ಅಣ್ಣನಿಗೆ ಈ ಸಂಗತಿಯಿಂದ ನಷ್ಟವೇನೂ ಆಗಲಿಲ್ಲ. ತೆಂಗಿನಕಾಯಿ ಒಡೆದ ದಿನದ ಫೋಟೋವನ್ನು ದೊಡ್ಡದಾಗಿ ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾನೆ, ನೀಲಿ ಬೆಳಕಿನ ಸಮೇತ. ಹೋಂಸ್ಟೇಯವರು ತಮ್ಮ ಅಟ್ಟಗಳಿಗೆ ಅಂಥದ್ದೇ ಬೇಕೆಂದು ಮಾಡಿಸಿಕೊಂಡಿದ್ದಾರೆ. ಅವರ ಮನೆಗಳ ನೆಲವಾದರೂ ಲೆವೆಲ್ ಇರಲಿ.

ಮಳೆ ಬಿಟ್ಟ ಮೇಲೆ ಕರಿಕೆಗೆ ಹೊರಟೆವು. ಹಿಂದಿನ ದಿನ ಅತ್ತಿಗೆ ಫೋನು ಮಾಡಿದಳು. ಮೊದಲು ಅಕ್ಕನ ಮಂಡಿ ಹೇಗಿದೆ ಎಂದಳು, ಆಮೇಲೆ ಹವಾ ಹೇಗಿದೆ ಎಂದಳು, ಆಮೇಲೆ ಧ್ವನಿ ತಗ್ಗಿಸಿದಳು.

"ನಾನೂ ಬರ್ಲಾ? ಒಬ್ಳೇ ಬರ್ತೀನಿ."

ಫೋನು ಸ್ಪೀಕರಿನಲ್ಲಿತ್ತು. ಅಕ್ಕ ಒಲೆಯ ಹತ್ತಿರದಿಂದಲೇ ಕೂಗಿದಳು, "ಬಾರಮ್ಮ. ಬೆಳಿಗ್ಗೆ ರೆಡಿಯಾಗಿರು, ಲೇಟಾದ್ರೆ ಬಿಟ್ಟು ಹೋಗ್ತೀನಿ."

ಲೇಟಾಗಲಿಲ್ಲ. ಚೀಲ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು, ಶಾಲೆಯ ಪ್ರವಾಸಕ್ಕೆ ಹೊರಟ ಹುಡುಗಿಯಂತೆ. ಒಳಗಿನಿಂದ ಅಣ್ಣ ತಿಂಡಿ ಏನಿದೆ ಎಂದು ಕೇಳುತ್ತಿದ್ದ. ಅವಳು ತಿರುಗಿ ಉತ್ತರ ಕೊಟ್ಟಳೋ ಇಲ್ಲವೋ, ಜೀಪಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಕರಿಕೆಯಲ್ಲಿ ರಸ್ತೆಗೆ ತಗುಲಿದ ಒಂದು ತೋಟದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದೆವು. ನೆಲ ಅಲ್ಲೂ ಓರೆಯೇ. ಊಟ ಮುಗಿಸಿ ಅತ್ತಿಗೆ ಒಳಗೆ ಹೋಗಿ, ಪೈಪು ಹಿಡಿದು ಹತ್ತಿ, ಅಕ್ಕನ ಹಾಸಿಗೆಯಲ್ಲಿ ಕಾಲು ಚಾಚಿ ಸಂಜೆಯವರೆಗೂ ಮಲಗಿದಳು. ಅಕ್ಕ ಹೊರಗೆ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತ, ಅವಳ ಗೊರಕೆ ಕೇಳಿ, "ಮಲಗ್ಲಿ ಬಿಡು," ಎಂದಳು.